ಈಬತ್ತಿ ಪೌಡರು

ಪೌಡರ್ ಡಬ್ಬಿ ಖಾಲಿಯಾದದ್ದು ಸಿಮೆಂಟ್ ಕಾರ್ಖಾನೆಯಿಂದ. ಮಳಖೇಡದ ಕಾರ್ಖಾನೆಯಲ್ಲ, ಸೇಡಂನ ಒಂದು ಬಾಡಿಗೆ ಮನೆಯ ಪಡಸಾಲೆಯಲ್ಲಿ ನಾಲ್ಕು ವರ್ಷದ ಕರುಣಾ ಅಂದು ಬೆಳಿಗ್ಗೆ ಎದ್ದವಳೇ ಶುರು ಮಾಡಿದ್ದು. ಪ್ಲಾಸ್ಟಿಕ್ ಲಾರಿಗೆ ಮಾಲು ತುಂಬಿ, ಹೊಸ್ತಿಲವರೆಗೆ ಸಾಗಿಸಿ, ಅಲ್ಲಿ ಸುರಿದು, ಮತ್ತೊಂದು ಟ್ರಿಪ್ಪಿಗೆ ಬರುವ ಹೊತ್ತಿಗೆ ಅವಳ ತಾಯಿ ದಾನೇಶ್ವರಿ ಮುಖ ತೊಳೆದುಕೊಂಡು ಬಂದಳು.

“ಏನ್ ಮಾಡ್ಲಿಕತ್ತಿ ಕರೂ?”

“ಸಿಮೆಂಟ್, ಮಮ್ಮಿ. ಪಪ್ಪಾಂದು ಫ್ಯಾಕ್ಟರಿ.”

ಪಪ್ಪ, ಅಂದರೆ ಚಂದ್ರಾಮ, ರಾತ್ರಿ ಪಾಳಿ ಮುಗಿಸಿ ಕಿವಿಯಲ್ಲಿ ನಿಜವಾದ ಸಿಮೆಂಟ್ ಇಟ್ಟುಕೊಂಡು ಬಂದು ಮಲಗಿದ್ದ. ಸೂರು ಕಳಚಿ ಬಿದ್ದರೂ ಮಗ್ಗಲು ಬದಲಿಸಿ ಮಲಗುವವನು. ಅತ್ತೆ ನೀಲಾಬಾಯಿ, ಕರುಣಾಳ ಆಯಿ, ಹೂ ಕೀಳಲು ಹೋಗಿದ್ದರು. ಬೈಯಲು ಪುರಸೊತ್ತಿಲ್ಲದೆ ದಾನೇಶ್ವರಿ ಡಬ್ಬಿಯನ್ನು ತಲೆಕೆಳಗು ಮಾಡಿ ಕುಟ್ಟಿದಳು. ಮೂಗಿಗಾಗುವಷ್ಟೂ ಉದುರಲಿಲ್ಲ.

ದಾನೇಶ್ವರಿಯ ಅಲಂಕಾರಶಾಸ್ತ್ರವೇ ಬೇರೆ. ಲಿಪ್‌ಸ್ಟಿಕ್ ತುಟಿಗೆ, ಬೆರಳಿಗಂಟಿದ್ದು ಗಲ್ಲಕ್ಕೆ. ಕಾಡಿಗೆ ಮೊದಲು ಮಗಳ ದೃಷ್ಟಿಬೊಟ್ಟಿಗೆ, ಆಮೇಲೆ ತನ್ನ ಕಣ್ಣಿಗೆ, ಉಳಿದದ್ದು ಬೈತಲೆಯ ಪಕ್ಕ ನೆರೆತ ಕೂದಲಿಗೆ. ತಲೆಗೆ ನೀರು ಹಾಕಿಕೊಳ್ಳಲಾಗದ ದಿನ ಕೂದಲ ಬುಡಕ್ಕೆ ಪೌಡರು. ಸೀರೆಗೆ ಇಸ್ತ್ರಿ ಆಫೀಸಿನ ಮೇಜಿನ ಮೇಲೆ ಕಾಣುವಷ್ಟಕ್ಕೆ ಮಾತ್ರ. ಮೇಜಿನ ಕೆಳಗಿನದು ದೇವರಿಗೇ ಪ್ರೀತಿ.

ಬೇರೆ ದಿನವಾಗಿದ್ದರೆ ಬರೀ ಮುಖದಲ್ಲೇ ಹೋಗಿಬಿಡುತ್ತಿದ್ದಳು. ಆದರೆ ಅಂದು ಜಿಲ್ಲಾ ಕಚೇರಿಯಿಂದ ಕಲ್ಯಾಣಪ್ಪ ಸಾಹೇಬರು ಅವಳು ಗುಮಾಸ್ತೆಯಾಗಿದ್ದ ಚಿತ್ತಾಪುರದ ಆಫೀಸಿಗೆ ಬರುವವರಿದ್ದರು. ಸೇಡಂ ಆಫೀಸಿನಲ್ಲಿ ಒಂದು ಜಾಗ ಖಾಲಿ ಇತ್ತು. ಯಾರನ್ನು ಕಳಿಸುವುದೆಂದು ಅವರು ಮಾತಾಡಿಸಿ ನೋಡಿ ಅಲ್ಲೇ ಹೇಳುತ್ತಾರಂತೆ. ಸೇಡಂ ಆಫೀಸು ಇರುವುದು ಅವಳ ಮನೆಯ ಹಿಂದಿನ ಓಣಿಯಲ್ಲಿ. ಆ ಜಾಗ ಸಿಕ್ಕರೆ ರೈಲು ತಪ್ಪುತ್ತಿತ್ತು. ಮಧ್ಯಾಹ್ನ ಬಂದು ಮಗಳಿಗೆ ಉಣ್ಣಿಸಬಹುದಿತ್ತು. ಈಗ ಅವಳು ಮನೆ ಸೇರುವಾಗ ಕರುಣಾ ನಿದ್ದೆ ಹೋಗಿರುತ್ತಾಳೆ. ಮಗಳು ಉಣ್ಣುವುದನ್ನು ತಾಯಿ ನೋಡುವುದು ಭಾನುವಾರ ಮಾತ್ರ.

ಆ ಜಾಗಕ್ಕೆ ಕೇಳಿದ್ದ ಇನ್ನೊಬ್ಬ ಪಕ್ಕದ ಮೇಜಿನ ಸಿದ್ಧಲಿಂಗ. ಅವನೂ ಸೇಡಂನವನೇ. ಹಿಂದಿನ ದಿನ ಅವನೇ ಹೇಳಿದ್ದ: “ಮೇಡಂ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ಮ ಮಾರಿ ಭಾಳ ಬಾಡ್ಯದ. ನಾಳಿ ಒಂದ್ ಸ್ವಲ್ಪ ಏನಾರ ಹಚ್ಕೊಂಡ್ ಬರ್ರಿ. ಸಾಹೇಬ್ರು ಮದ್ಲ ಮಾರೀನೇ ನೋಡ್ತಾರ.”

ದಾನೇಶ್ವರಿಯ ಕಣ್ಣು ದೇವರ ಜಗಲಿಯ ಮೇಲೆ ಬಿತ್ತು. ಅಲ್ಲಿ ಅತ್ತೆ ಹಣೆಗೆ ಹಚ್ಚುವ ಈಬತ್ತಿಯ, ಅಂದರೆ ವಿಭೂತಿಯ, ಗಟ್ಟಿ ಕೂತಿತ್ತು. ಬೆಳ್ಳಗೆ, ನುಣ್ಣಗೆ, ದುಂಡಗೆ. ಟೀವಿಯಲ್ಲಿ ತೋರಿಸುವ ಪೌಡರ್ ಡಬ್ಬಿಗೂ ಅದಕ್ಕೂ ಮುಚ್ಚಳವೊಂದೇ ವ್ಯತ್ಯಾಸ.

“ತಪ್ಪಾತು ಶಿವನೇ, ಇವತ್ತೊಂದಿನ,” ಎಂದು ಕೈಮುಗಿದು, ಪಫ್ಫನ್ನು ಗಟ್ಟಿಯ ಮೇಲೆ ಉಜ್ಜಿ ಹಸಿ ಮುಖಕ್ಕೆ ಬಡಿದುಕೊಂಡಳು. ಕನ್ನಡಿಯಲ್ಲಿ ಏನನ್ನೂ ಹಚ್ಚಿಕೊಂಡಂತೆಯೇ ಕಾಣಲಿಲ್ಲ. ಇನ್ನೊಂದು ಸಲ ಬಡಿದುಕೊಂಡಳು. ಮತ್ತೊಂದು ಸಲ.

ಹಸಿ ಇರುವಾಗ ಕಾಣದೆ, ಒಣಗಿದ ಮೇಲೆ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗಾಗುವುದು ಈಬತ್ತಿಯ ಗುಣ. ದಿನಾ ಹಚ್ಚಿಕೊಳ್ಳುವವರಿಗೆ ಅದು ಗೊತ್ತು. ದಾನೇಶ್ವರಿ ಹಚ್ಚಿಕೊಳ್ಳುವುದು ಹಬ್ಬಕ್ಕೊಮ್ಮೆ, ಅದೂ ಅತ್ತೆ ಗದರಿದರೆ.

ಮುದ್ದು ಕೊಡಲು ಬಗ್ಗಿದಾಗ ಕರುಣಾ ಮೂಗು ಅರಳಿಸಿದಳು. “ಮಮ್ಮಿ, ನೀ ಆಯಿ ಆಯಿ ವಾಸನಿ ಬರ್ಲಿಕತ್ತಿ.”

“ಆಯಿ ಬರ್ತಾಳ, ಸುಮ್ಮ ಆಡ್ಕೋತ ಕುಂದ್ರು. ಲಾರಿ ಹೊರಗ ಒಯ್ಬ್ಯಾಡ,” ಎಂದು ದಾನೇಶ್ವರಿ ಸ್ಟೇಷನ್ನಿಗೆ ಓಡಿದಳು.

ಓಡುವಾಗ ಹಣೆಯಲ್ಲಿ ಬೆವರಿಳಿಯಿತು. ಕಿರುಬೆರಳಿಗೆ ಬ್ಯಾಗಿನ ಪಟ್ಟಿ ಸಿಕ್ಕಿಸಿಕೊಂಡಿದ್ದರಿಂದ ಉಳಿದ ಮೂರೇ ಬೆರಳಿಂದ ಹಣೆಯನ್ನು ಎಡದಿಂದ ಬಲಕ್ಕೆ ಒರೆಸಿಕೊಂಡಳು. ಹಣೆಯ ಮೇಲೆ ಮೂರು ಗೆರೆ ಶಾಸ್ತ್ರೋಕ್ತವಾಗಿ ಮೂಡಿದವು.

ಪ್ಯಾಸೆಂಜರಿನಲ್ಲಿ ಎಂದಿನಂತೆ ಕಾಲಿಡಲು ಜಾಗವಿರಲಿಲ್ಲ. ಅವಳು ಬಾಗಿಲಲ್ಲೇ ನಿಂತಳು. ಗಾಳಿ ಬೀಸಿತು. ಮುಖ ಒಣಗಿತು.

ಬಾಗಿಲ ಬಳಿಯ ಸೀಟಿನಲ್ಲಿ ಭೀಮಮ್ಮ ಕೂತಿದ್ದಳು. ದಿನವೂ ಅದೇ ರೈಲಿನಲ್ಲಿ ವಾಡಿಗೆ ತರಕಾರಿ ಒಯ್ಯುವವಳು. ಎರಡು ವರ್ಷದಿಂದ ದಾನೇಶ್ವರಿಯ ಕಾಲ ಮೇಲೆ ಬುಟ್ಟಿ ಇಟ್ಟಿದ್ದಳೇ ಹೊರತು ಒಂದು ದಿನ ಸರಿದು ಕೂತವಳಲ್ಲ. ಆವತ್ತು ತಲೆಯೆತ್ತಿ ನೋಡಿದವಳು ಸೆರಗು ಹೊದ್ದು ದಡಕ್ಕನೆ ಎದ್ದಳು.

“ಏ, ಸರೀರಿ ಸರೀರಿ! ತಾಯೋರಿಗಿ ಕುಂದ್ರಲಿಕ್ಕಿ ಜಾಗಾ ಕೊಡ್ರಿ! ಕಣ್ಣ ಕಾಣಂಗಿಲ್ಲೇನ್ ನಿಮಗ? ಬರ್ರಿ ಯವ್ವಾ, ಕಿಡಕಿ ಬಾಜೂ ಕುಂದ್ರಿ.”

ದಾನೇಶ್ವರಿಗೆ ಆಶ್ಚರ್ಯವಾಯಿತು. ಕೂತಳು. ಎದುರಿನ ಗಂಡಸರಿಬ್ಬರು ಕಾಲು ಮಡಿಚಿಕೊಂಡರು. ಒಬ್ಬ ಬಾಯೊಳಗಿನ ಗುಟ್ಕಾ ಕಿಟಕಿಯಿಂದ ಉಗುಳಿ ಸಭ್ಯನಾದ. ‘ಮುಖ ಒಂದಿಷ್ಟು ಚೆಂದ ಮಾಡಿಕೊಂಡರೆ ಲೋಕ ಇಷ್ಟು ಬದಲಾಗುತ್ತದೆಯೆ?’ ಎಂದು ಅವಳು ಯೋಚಿಸಿದಳು. ಇಷ್ಟು ವರ್ಷ ಕೆಲಸದ ಮೇಲೆ ಶ್ರದ್ಧೆ ಇಟ್ಟದ್ದು ದಡ್ಡತನ ಅನ್ನಿಸಿತು.

ಪಕ್ಕದಲ್ಲಿ ಮುದುಕಿ ಹಮೀದಾಬಿ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಕೂಸು ಹತ್ತಿದಾಗಿನಿಂದ ಕಿರುಚುತ್ತಿತ್ತು.

“ಬೇಟಿ, ಒಂದ್ ಮೆಹರಬಾನಿ ಮಾಡ್ರಿ,” ಎಂದಳು ಹಮೀದಾಬಿ. “ರಾತ್ರಿಯಿಂದ ಅಳ್ಲಿಕತ್ತಾನ. ಸ್ವಲ್ಪ ಊದ್ರಿ.”

ಕಣ್ಣಲ್ಲಿ ಧೂಳು ಬಿದ್ದಿರಬೇಕೆಂದುಕೊಂಡು ದಾನೇಶ್ವರಿ ಬಗ್ಗಿ ಊದಿದಳು. ಹತ್ತಿರ ಬಂದ ಆ ಬಿಳೀ ಮುಖ ನೋಡಿ ಕೂಸು ಉಸಿರು ಕಟ್ಟಿಕೊಂಡಿತು. ಚಿತ್ತಾಪುರ ಬರುವವರೆಗೆ ಮತ್ತೆ ಬಾಯಿ ತೆರೆಯಲಿಲ್ಲ.

“ಯಾ ಅಲ್ಲಾ! ನಿಮ್ಮ ಹೊಟ್ಟಿ ತಣ್ಣಗಿರ್ಲಿ ತಾಯಿ,” ಎಂದು ಹಮೀದಾಬಿ ಅವಳ ಗಲ್ಲದಿಂದ ದೃಷ್ಟಿ ತೆಗೆದು ನೆಟಿಗೆ ಮುರಿದಳು.

“ಮಾರಿ ಮ್ಯಾಲ ಹೆಂಗ್ ಕಳಾ ಅದ ನೋಡ್ರಿ,” ಎಂದಳು ಭೀಮಮ್ಮ. ದಾನೇಶ್ವರಿ ನಾಚಿ ತಲೆ ತಗ್ಗಿಸಿದಳು. ಅದನ್ನು ಅವರು ವಿನಯವೆಂದು ತಿಳಿದರು.

ಆಫೀಸಿನ ಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕುವ ಮಷಿನ್ ಇತ್ತು. ದಾನೇಶ್ವರಿ ಮುಗುಳುನಗುತ್ತ ಅದರ ಮುಂದೆ ನಿಂತಳು.

“ಪ್ಲೀಸ್ ಟ್ರೈ ಅಗೇನ್,” ಎಂದಿತು ಮಷಿನ್.

ಹತ್ತಿರ ಹೋದಳು. ಟ್ರೈ ಅಗೇನ್. ಕನ್ನಡಕ ತೆಗೆದಳು. ಟ್ರೈ ಅಗೇನ್. ಆಗ ಮಷಿನ್ನಿನ ಗಾಜಿನಲ್ಲಿ ಒಂದು ಮುಖ ಕಂಡಿತು. ಅಷ್ಟೂ ಬೆಳ್ಳಗೆ, ಹಣೆಗೆ ಮೂರು ಗೆರೆ, ಅದರ ನಡುವೆ ಕಾಡಿಗೆಯ ಎರಡು ಕಣ್ಣು ಹಿಟ್ಟಿನಲ್ಲಿ ಬಿದ್ದ ಇರುವೆಗಳ ಹಾಗೆ. ತನ್ನ ಹಿಂದೆ ಯಾರೋ ನಿಂತಿದ್ದಾರೆಂದು ದಾನೇಶ್ವರಿ ತಿರುಗಿ ನೋಡಿದಳು. ಸಿಪಾಯಿ ನಬೀಸಾಬ್ ಕೈಮುಗಿದು ನಿಂತಿದ್ದ.

“ಅಕ್ಕೋರೆ, ಯಾವಾಗ ದೀಕ್ಷಾ ತಗೊಂಡ್ರಿ? ಹೇಳ್ಲೇ ಇಲ್ಲ?”

“ಅಯ್ಯೋ ನನ್ನ ಕರ್ಮ!” ದಾನೇಶ್ವರಿ ನಲ್ಲಿಯ ಕಡೆ ಓಡಿದಳು. ಅಡ್ಡ ಬಂದವನು ಸಿದ್ಧಲಿಂಗ. ಎರಡು ಕ್ಷಣ ಬಾಯಿ ತೆರೆದು ನಿಂತ. ಆಮೇಲೆ ಅವನ ಕಣ್ಣಲ್ಲಿ ಏನೋ ಹೊಳೆಯಿತು.

“ತೊಳೀಬ್ಯಾಡ್ರಿ ಮೇಡಂ!”

“ಬಿಡ್ರಿ, ಪೌಡರ್ ಖಾಲಿ ಆಗಿತ್ತಂತ ಅತ್ತೀದು ಈಬತ್ತಿ…”

“ನಿಮ್ಮ ನಸೀಬು ಖುಲ್ಯಾದ ಅನ್ರಿ! ಕಲ್ಯಾಣಪ್ಪ ಸಾಹೇಬ್ರು ಎಂಥಾ ಶಿವಭಕ್ತರು ಗೊತ್ತದ ಏನು? ಲಿಂಗಪೂಜಿ ಇಲ್ದ ನೀರ್ ಸೈತ ಕುಡ್ಯಂಗಿಲ್ಲ. ಈ ಮಾರಿ ನೋಡಿದ್ರ ಸೇಡಂ ಏನ್ರಿ, ಕೈಲಾಸಾನೇ ಬರಕೊಡ್ತಾರ.”

“ಮತ್ತ ನಿಮಗ?”

“ನನ್ನದೇನದ ಮೇಡಂ. ನಿಮಗಾದ್ರ ನನಗಾದಂಗ.”

ಅಷ್ಟರಲ್ಲಿ ಜೀಪು ಬಂತು.

ಕಲ್ಯಾಣಪ್ಪ ಸಾಹೇಬರ ಹಣೆಯಲ್ಲೂ ಮೂರು ಗೆರೆ. ಆದರೆ ದಾನೇಶ್ವರಿಯದರ ಮುಂದೆ ಅವು ಸಣ್ಣವಾಗಿ ಕಂಡವು. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು.

“ಕುಂದ್ರಿ ತಾಯಿ, ಕುಂದ್ರಿ. ಮುಂಜಾನಿ ಎಷ್ಟಕ್ಕ ಏಳ್ತೀರಿ?”

“ನಾಕೂವರಿಗಿ ಏಳ್ತೀನ್ರಿ ಸರ್.”

“ಬ್ರಾಹ್ಮೀ ಮುಹೂರ್ತ!” ಸಾಹೇಬರು ಸುತ್ತ ನೋಡಿದರು. “ಎದ್ದು?”

“ರೊಟ್ಟಿ ಬಡೀತೀನ್ರಿ. ಎಲ್ಲರಿಗೂ ಕಟ್ಟಿಟ್ಟು ಬರಬೇಕಲ್ರಿ.”

“ದಾಸೋಹ! ನೀವು?”

“ನಾ ಏನೂ ತಿನ್ನಂಗಿಲ್ರಿ ಮುಂಜಾನಿ. ಬಾಯಿಗಿ ಹಾಕ್ಕೊಳ್ಳಾಕ ಟೈಮೇ ಸಿಗಂಗಿಲ್ಲ.”

“ಉಪವಾಸ!”

“ನಿದ್ದಿನೂ ಆಗಂಗಿಲ್ರಿ. ಕೂಸು ರಾತ್ರಿ ಏಳ್ತದ.”

“ಜಾಗರಣಿ! ನೋಡ್ರಿ, ನಾವು ವರ್ಷಕ್ಕೊಮ್ಮೆ ಮಾಡ್ತೀವಿ,” ಎಂದು ಸಾಹೇಬರು ಆಫೀಸಿನವರಿಗೆಲ್ಲ ಹೇಳಿದರು. “ಈ ತಾಯಿ ದಿನಾ ಮಾಡ್ಲಿಕತ್ತಾರ. ಆಫೀಸಿಗಿ ಬಂದ್ ಕೆಲಸಾನೂ ಮಾಡ್ತಾರ.”

ದಾನೇಶ್ವರಿಗೆ ಇನ್ನು ತಡೆಯಲಾಗಲಿಲ್ಲ. ಸುಳ್ಳಿನ ಮೇಲೆ ಸೇಡಂ ಪಡೆದರೆ ಮಗಳಿಗೆ ಒಳ್ಳೆಯದಾಗಲಿಕ್ಕಿಲ್ಲ ಅನ್ನಿಸಿತು. “ಸರ್, ಖರೇ ಹೇಳಬೇಕಂದ್ರ, ಇದು… ಮನ್ಯಾಗ ಪೌಡರ್ ಇರಲಿಲ್ರಿ. ಅದಕ್ಕ ಈಬತ್ತಿ ಹಚ್ಕೊಂಡ್ ಬಂದೀನಿ.”

ಸಾಹೇಬರ ಕಣ್ಣಲ್ಲಿ ನೀರಾಡಿತು.

“ಕೇಳಿದ್ರೇನ್ರಿ? ಪೌಡರ್ ಬಿಟ್ಟು ಈಬತ್ತಿ! ನನ್ನ ಸೊಸಿಗಿ ಹೇಳ್ತೀನಿ ಇದು.”

“ಸರ್, ನನಗ ಸೇಡಂ ಕೊಡ್ರಿ,” ದಾನೇಶ್ವರಿ ನೇರವಾಗಿ ಕೇಳಿಬಿಟ್ಟಳು. “ಸಣ್ಣ ಮಗಳದಾಳ. ದಿನಾ ನಾ ಮನಿಗಿ ಹೋಗೂದ್ರಾಗ ಮಲ್ಕೊಂಡಿರ್ತಾಳ.”

ಸಾಹೇಬರು ಎಲ್ಲ ಬಲ್ಲವರ ನಗೆ ನಕ್ಕರು. “ನನಗ ಪರೀಕ್ಷಾ ಮಾಡ್ಲಿಕತ್ತೀರೇನ್ ತಾಯಿ? ಊಟ, ನಿದ್ದಿ, ಕನ್ನಡಿ ಎಲ್ಲಾ ಬಿಟ್ಟವರಿಗಿ ಮಗಳ ಮೋಹ ಎಲ್ಲಿಂದು? ಸೇಡಂ ಇರೂದು ನಮ್ಮಂಥಾ ಸಂಸಾರಸ್ಥರಿಗಿ. ಸಿದ್ಧಲಿಂಗ, ನಿನಗ ಎಷ್ಟು ಮಕ್ಕಳು?”

“ಎರಡ್ರಿ ಸರ್. ಭಾಳ ಸಣ್ಣವ್ರಿ.” ಸಿದ್ಧಲಿಂಗ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದ. ದನಿ ಗದ್ಗದವಾಯಿತು. “ಅವುಗಳ ನೆನಪಾದ್ರ ಇಲ್ಲಿ ಕೆಲಸಾನೇ ಓಡಂಗಿಲ್ರಿ.”

“ಯಾವ ಕ್ಲಾಸ್‌ನಾಗ ಅದಾವ?”

ಸಿದ್ಧಲಿಂಗ ಹೊರಗೆ ಹೋಗಿ ಹೆಂಡತಿಗೆ ಫೋನ್ ಮಾಡಿ, ಕೇಳಿಕೊಂಡು ಬಂದು ಹೇಳಿದ.

“ಪಾಪ, ತಂದಿ ಅಂದ್ರ ಹಿಂಗಿರಬೇಕು,” ಎಂದರು ಸಾಹೇಬರು. “ಸೇಡಂ ನಿನಗ. ತಾಯಿ, ನಿಮಗೂ ಒಂದು ಚಲೋ ಜಾಗಾ ನೋಡೀನಿ. ಚಿಂಚೋಳಿ. ಸುತ್ತ ಅಡವಿ, ಗದ್ದಲಿಲ್ಲ, ಧ್ಯಾನಕ್ಕ ಹೇಳಿ ಮಾಡಿಸ್ದಂಗ ಅದ. ಬಸ್ಸು ಸ್ವಲ್ಪ ಕಮ್ಮಿ. ಆದ್ರ ನಿಮಗೇನು ಮನಿಗಿ ಹೋಗೂ ಅವಸರಾ?”

ಅವರು ಹೋಗುವಾಗ ದಾನೇಶ್ವರಿಗೆ ಕೈಮುಗಿದರು. ಹಿಂದೆಯೇ ಸಿದ್ಧಲಿಂಗನೂ ಕೈಮುಗಿದ. ಅವನು ಮಾತ್ರ ಮನಃಪೂರ್ವಕವಾಗಿ ಮುಗಿದಂತೆ ಕಂಡಿತು.

ಸಂಜೆ ಅವಳು ನಲ್ಲಿಯ ಬಳಿ ಹೋಗಿ ಬಟ್ಟೆ ಒಗೆಯುವಂತೆ ಮುಖ ತಿಕ್ಕಿ ತೊಳೆದಳು. ಹೊರಡುವಾಗ ಮಷಿನ್ನಿನ ಮುಂದೆ ನಿಂತದ್ದೇ ತಡ, ಅದು “ಥ್ಯಾಂಕ್ ಯೂ” ಎಂದಿತು.

“ಅಕ್ಕೋರೆ,” ನಬೀಸಾಬ್ ಬೀಗ ಹಾಕುತ್ತ ಮರುಗಿದ, “ಅದರ ಲೆಕ್ಕದಾಗ ನೀವು ಈಗ ಡ್ಯೂಟಿಗಿ ಬಂದಂಗಾತು ನೋಡ್ರಿ.”

ಸಂಜೆಯ ರೈಲು ವಾಡಿಯಿಂದಲೇ ತುಂಬಿ ಬಂದಿತ್ತು. ದಾನೇಶ್ವರಿ ಬಾಗಿಲಲ್ಲಿ ನಿಂತಳು. ತರಕಾರಿ ಮಾರಿ ಮರಳುತ್ತಿದ್ದ ಭೀಮಮ್ಮ ಸೀಟಿನ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಕಾಲು ಚಾಚಿದ್ದಳು.

“ಸ್ವಲ್ಪ ಸರೀರಿ ಅಕ್ಕಾ. ಕಾಲು ಭಾಳ ಸೋತಾವ.”

“ಎಲ್ಲಿ ಸರೀಲಿ? ಮ್ಯಾಲ ಕುಂದ್ರಿಸ್ಕೊಳ್ಲೇನು?” ಭೀಮಮ್ಮ ಬುಟ್ಟಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ರೈಲು ಕಾಗಿಣಾ ಸೇತುವೆಯ ಮೇಲೆ ಸದ್ದು ಮಾಡಿ ದಾಟಿತು. ಹೊರಗೆ ಕತ್ತಲಾಗುತ್ತಿತ್ತು. ಕರುಣಾಳಿಗೆ ಈಗ ಆಯಿ ಅನ್ನ ಕಲಸುತ್ತಿರಬೇಕು.

ಭೀಮಮ್ಮ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಮುಂಜಾನೆಯ ತಾಯಿ ಇವಳೇ ಎಂದು ಗುರುತು ಹತ್ತಲಿಲ್ಲ. ಆದರೆ ಕನಿಕರ ಬಂತು.

“ಮುಂಜಾನಿ ಇದೇ ಜಾಗಾದಾಗ ಒಬ್ಬಾಕಿ ತಾಯಿ ಕುಂತಿದ್ದಳು ನೋಡು. ಏನ್ ಕಳಾ ಅಂತಿ ಆಕೀ ಮಾರಿ ಮ್ಯಾಲ! ಎಲ್ಲಾರೂ ಎದ್ ಜಾಗಾ ಕೊಟ್ರು. ನೀನೂ ಒಂದ್ ಹೆಣ್ಮಗಳೇ, ತಂಗಿ. ನೌಕರಿಗಿ ಹೋಗಾಕಿ. ಹಿಂಗ್ಯಾಕ ಬರ್ತಿ? ಮಾರಿಗಿ ಸ್ವಲ್ಪ ಏನಾರ ಹಚ್ಕೋಬಾರದೇನು?”