ಲೂಕನ್ನಿನ ಲಕ್ಕಿ ಗಿಡ

ಗಿಡಕ್ಕೆ ಕಾಯಿಲೆ ಬಂದರೆ ಅದು ಬಾಯಿಬಿಟ್ಟು ಹೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಲೋಕದಲ್ಲಿ ಇಷ್ಟೊಂದು ಜನ ಸಸ್ಯವೈದ್ಯರಾಗಿದ್ದಾರೆ ಎಂದು ನನ್ನ ಅಂದಾಜು. ಮನುಷ್ಯನಾದರೆ ಎರಡನೇ ಗುಳಿಗೆಗೇ ಇದು ಒಗ್ಗುತ್ತಿಲ್ಲ ಎಂದು ಮುಖ ಸಿಂಡರಿಸುತ್ತಾನೆ. ಗಿಡ ಪಾಪ, ಕೊಟ್ಟದ್ದನ್ನೆಲ್ಲ ಕುಡಿದು ಸುಮ್ಮನೆ ಹಳದಿಯಾಗುತ್ತದೆ. ಹಳದಿಯಾಯಿತಲ್ಲ ಎಂದು ನಾವು ಇನ್ನಷ್ಟು ಕೊಡುತ್ತೇವೆ. ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಸೇರಿಕೊಂಡ ಆ ವರ್ಷ ಡಬ್ಲಿನ್ ಅಂಚಿನ ನಮ್ಮ ಲೂಕನ್ನಿನಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ವಿದ್ಯೆಯಲ್ಲಿ ಪಂಡಿತರಾದರು. ಎದುರು ಮನೆಯವರು ಹುಳಿ ಬ್ರೆಡ್ಡಿನಲ್ಲಿ ಆದರು. ಕನ್ನಡ ಸಂಘದ ಅರ್ಧ ಜನ ವೈರಸ್ಸಿನಲ್ಲಿ ಆದರು; ಉಳಿದರ್ಧ, ಮೊದಲಿನವರು ಹೇಳಿದ್ದು ಹೇಗೆ ತಪ್ಪು ಎಂಬುದರಲ್ಲಿ ಆದರು. ನಾನು ಗಿಡಗಳಲ್ಲಿ ಆದೆ. ಅದಕ್ಕೆ ಮೊದಲು ನಾನು ಬೆಳೆಸಿದ ಕರಿಬೇವು, ಮಲ್ಲಿಗೆ, ಒಂದು ನಿಂಬೆ, ಇವೆಲ್ಲ ಐರ್ಲೆಂಡಿನ ಹವೆಗೆ ಸತ್ತವು ಎಂದು ನಾನು ಹೇಳುತ್ತಿದ್ದೆ. ನನ್ನ ಹೆಂಡತಿ ಗೀತಾ ಬೇರೆ ಕಾರಣ ಹೇಳುತ್ತಿದ್ದಳು.

ಗೀತಾ ಆಸ್ಪತ್ರೆಯಲ್ಲಿ ನರ್ಸ್. ಆ ದಿನಗಳಲ್ಲಿ ಅವಳು ಹಿಂಬಾಗಿಲಿನಿಂದ ಬಂದು, ನೇರ ಸ್ನಾನಕ್ಕೆ ಹೋಗಿ, ಉಂಡು ಮಲಗುವುದಷ್ಟೇ ಗೊತ್ತಿದ್ದ ಜೀವ. ನನ್ನ ಕಚೇರಿ ಇದ್ದದ್ದು ಊರಿನ ಇನ್ನೊಂದು ಕಡೆಯ ಸ್ಯಾಂಟ್ರಿಯಲ್ಲಿ. ಈಗ ಅದು ಮಹಡಿಯ ಬಾಕ್ಸ್ ರೂಮೆಂಬ ಪುಟ್ಟ ಕೋಣೆಗೆ ಬಂದು ಕೂತಿತ್ತು. ಮಗಳು ಅನಘಾಗೆ ಹದಿನಾರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅಪ್ಪಟ ಡಬ್ಲಿನ್ ಇಂಗ್ಲಿಷಿನಲ್ಲಿ. ಇಷ್ಟರ ಜೊತೆಗೆ ನಮ್ಮ ಮನೆಯಲ್ಲಿ ಇನ್ನೊಂದು ಸಂಗತಿ ಇತ್ತು. ನಾವು ಮೂವರೂ ಈ ದೇಶದ ಪೌರತ್ವಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆವು. ಅರ್ಜಿದಾರರ ನಡತೆ ಚೆನ್ನಾಗಿದೆಯೋ ಇಲ್ಲವೋ ಎಂದು ಪೊಲೀಸರನ್ನು ಕೇಳುತ್ತಾರೆ. ಹಾಗಾಗಿ ನಾನು ಬೀದಿಯಲ್ಲಿ ಒಂದು ಗಾಡಿಯೂ ಇಲ್ಲದಾಗಲೂ ಹಸಿರು ದೀಪ ಬರುವವರೆಗೆ ನಿಂತು ರಸ್ತೆ ದಾಟುತ್ತಿದ್ದೆ. ಐದು ಕಿಲೋಮೀಟರಿನಾಚೆ ಹೋಗಬೇಡಿ ಎಂದರೆ ನಾಲ್ಕಕ್ಕೇ ತಿರುಗಿ ಬರುತ್ತಿದ್ದೆ. ನನ್ನಷ್ಟು ಸಾಧುವಾದ ಗಂಡಸು ಲಿಫಿ ನದಿಯ ಎರಡೂ ದಡದಲ್ಲಿ ಸಿಗುತ್ತಿರಲಿಲ್ಲ.

ಹೀಗಿರುವಾಗ ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯ ನೋಯೆಲ್ ಒಂದು ದಿನ ಹಿತ್ತಲ ಗೋಡೆಯ ಮೇಲಿಂದ ಕರೆದರು. ಬಸ್ಸು ಓಡಿಸಿ ನಿವೃತ್ತರಾದವರು, ಒಂಟಿ. ದೂರದ ಡೊನೆಗಾಲಿನ ಲೆಟರ್‌ಕೆನ್ನಿಯಲ್ಲಿ ಅವರ ಅಕ್ಕ ಬಿದ್ದು ಸೊಂಟ ಮುರಿದುಕೊಂಡಿದ್ದರು. ರಸ್ತೆಗಳು ತೆರೆದಿದ್ದೇ ಇವರು ನೋಡಿಕೊಳ್ಳಲು ಹೊರಟಿದ್ದರು. ಮೂರು ಕುಂಡ ಮತ್ತು ಒಂದು ನೇತುಹಾಕುವ ದೀಪವನ್ನು ಗೋಡೆ ದಾಟಿಸಿ, ಬಂದು ತೆಗೆದುಕೊಳ್ಳುವವರೆಗೆ ಒಳಗಿಟ್ಟು ನೋಡಿಕೋ ಎಂದರು. “ನಿಮ್ಮ ದೇಶದ್ದೇ ಗಿಡ ವಾಸು, ನಿನಗೆ ನಾನೇನು ಹೇಳಿಕೊಡೋದು. ನನ್ನ ಮಂಡಿಗೆ ಇದೇ ಔಷಧಿ. ನಾಲ್ಕು ಜನಕ್ಕೆ ತೋರಿಸ್ತಾ ಕೂರಬೇಡ, ಅಷ್ಟೇ.”

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ, ಇದು ಯಾವ ಗಿಡ ಎಂದು ಕೇಳುತ್ತಿದ್ದರು. ಆದರೆ ಬಿಳಿಯರೊಬ್ಬರು ‘ನಿಮ್ಮ ದೇಶದ್ದು, ನಿನಗೆ ಗೊತ್ತಿರುತ್ತದೆ’ ಎಂದ ಮೇಲೆ ಗೊತ್ತಿಲ್ಲ ಎನ್ನುವ ಭಾರತೀಯನನ್ನು ನಾನು ಇನ್ನೂ ನೋಡಿಲ್ಲ. ಯೋಗ, ಅರಿಸಿನ, ಹುಲಿ, ಏನೇ ಕೇಳಲಿ, ತಲೆ ತಾನಾಗಿ ಆಡುತ್ತದೆ. ನಾನೂ ಆಡಿಸಿದೆ. ಹತ್ತಿರದಿಂದ ನೋಡಿದಾಗ ನಿಜಕ್ಕೂ ಗೊತ್ತಾಯಿತು. ಬೆರಳು ಬಿಚ್ಚಿದ ಅಂಗೈಯಂಥ ಎಲೆ, ಘಾಟು ವಾಸನೆ, ಮೇಲಾಗಿ ಮಂಡಿನೋವಿಗೆ ಔಷಧಿ. ಲಕ್ಕಿ ಗಿಡ! ಬಾಣಂತಿಯರ ನೀರಿಗೆ, ಮುದುಕರ ಕೀಲುನೋವಿಗೆ ನಮ್ಮ ಕಡೆ ಬೇಲಿಯಿಂದ ಮುರಿದು ತರುತ್ತಿದ್ದ ಅದೇ ಲಕ್ಕಿ ಸೊಪ್ಪು. ಅರಸೀಕೆರೆಯಲ್ಲಿದ್ದ ನಮ್ಮತ್ತೆಗೆ ವಿಡಿಯೊದಲ್ಲಿ ತೋರಿಸಿದೆ. ಅವರು ಕನ್ನಡಕ ಹುಡುಕುವ ಗೋಜಿಗೆ ಹೋಗದೆ, “ಲಕ್ಕಿ ಅಲ್ದೆ ಇನ್ನೇನು ಅಳಿಯಂದ್ರೆ, ಅದನ್ನ ಆಡೂ ಮುಟ್ಟಲ್ಲ, ಸಾಯೋದೂ ಇಲ್ಲ” ಎಂದು ತೀರ್ಪು ಕೊಟ್ಟರು. ಲಕ್ಕಿಗೆ ಎಲೆಯ ಬೆರಳು ಐದು, ಇದಕ್ಕೆ ಅಲ್ಲಲ್ಲಿ ಏಳಿದ್ದವು. ಇಲ್ಲಿಯ ಗೊಬ್ಬರ ಒಳ್ಳೆಯದು ಎಂದುಕೊಂಡೆ. ಅಂಚಿನಲ್ಲಿ ಗರಗಸದ ಹಲ್ಲುಗಳಿದ್ದವು. ಚಳಿಗೆ ಹಾಗಾಗಿರಬೇಕು ಎಂದುಕೊಂಡೆ. ಯಾರಿಗೂ ತೋರಿಸಬೇಡ ಎಂದದ್ದಂತೂ ನನಗೆ ಬಹಳ ಹಿಡಿಸಿತು. ಐರಿಶ್ ಜನಕ್ಕೂ ದೃಷ್ಟಿ ತಾಗುವ ನಂಬಿಕೆ ಇದೆ, ನಾವೆಲ್ಲ ಒಂದೇ ಎಂದು ಗೀತಾಳ ಹತ್ತಿರ ಅರ್ಧ ಗಂಟೆ ಮಾತಾಡಿದೆ. ಅವಳು ನಿದ್ದೆ ಮಾಡುತ್ತಿದ್ದಳು.

ಗಿಡಗಳು ಬಂದಾಗ ಗಟ್ಟಿಮುಟ್ಟಾಗಿದ್ದವು. ಬಾಕ್ಸ್ ರೂಮಿನಲ್ಲಿ ದೀಪದಡಿಗೆ ಇಟ್ಟು ನಾನು ಆರೈಕೆ ಶುರುಮಾಡಿದೆ. ಬೆಳಿಗ್ಗೆ ಸ್ನಾನ ಮಾಡಿ ತಾಮ್ರದ ಚೊಂಬಿನಲ್ಲಿ ನೀರು; ಸಂಜೆ ಕೆಲಸ ಮುಗಿಸಿ ಇನ್ನೊಂದು ಚೊಂಬು; ನಡುವೆ ಮೀಟಿಂಗಿನಲ್ಲಿ ಬೇಜಾರಾದಾಗ ಒಂದಿಷ್ಟು. ಕೆಳಗಿನ ಎಲೆಗಳು ಹಳದಿಯಾದವು. ಸತ್ವ ಸಾಲದು ಎಂದು ಅಕ್ಕಿ ತೊಳೆದ ನೀರು ಹಾಕಿದೆ. ಎಲೆಗಳು ಕಿವಿ ಇಳಿಬಿಟ್ಟವು. ಅತ್ತೆಯವರು ಕರಿಬೇವಿಗೆ ಹಾಕುವಂತೆ ಹುಳಿ ಮಜ್ಜಿಗೆಗೆ ಇಂಗು ಕದಡಿ ಹಾಕಿ ಎಂದರು, ಹಾಕಿದೆ. ಕೋಣೆ ಮದುವೆ ಮನೆಯ ಮಾರನೆಯ ದಿನದ ಅಡುಗೆಮನೆಯಂತೆ ನಾರಿತು, ಮಣ್ಣಿನಿಂದ ಸಣ್ಣ ನೊಣಗಳು ಎದ್ದವು. ನೊಣಕ್ಕೆ ಬೇವಿನೆಣ್ಣೆ ಬಳಿದೆ. ಎಣ್ಣೆ ಬಳಿದ ಎಲೆ ಚಳಿಗೆ ನಡುಗೀತು ಎಂದು ದೀಪವನ್ನು ಕೆಳಗಿಳಿಸಿದೆ. ಎಣ್ಣೆ, ಮೇಲಿಂದ ಶಾಖ. ಒಗ್ಗರಣೆಗೆ ಇನ್ನೇನು ಬೇಕು. ತುದಿಗಳೆಲ್ಲ ಸೀದು ಕಂದಾದವು. ಕೊನೆಗೆ ದೃಷ್ಟಿಯೇ ಆಗಿದೆ ಎಂದು ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟೆ. ಹೊಗೆಯ ಅಲಾರ್ಮು ಬಡಿದುಕೊಂಡು ನನ್ನ ಮ್ಯಾನೇಜರಿಗೂ ಕೇಳಿಸಿತು. ನೋಯೆಲ್ ಫೋನು ಮಾಡಿದಾಗಲೆಲ್ಲ ಇಲ್ಲಿಯವರಂತೆ ಎಲ್ಲಾ ಗ್ರಾಂಡ್, ಚೆನ್ನಾಗಿವೆ ಎನ್ನುತ್ತಿದ್ದೆ. ಒಮ್ಮೆ ಒತ್ತಾಯ ಮಾಡಿ ಫೋಟೊ ತರಿಸಿಕೊಂಡರು. ಇದನ್ನು ಬಾಣಲೆಗೇನಾದರೂ ಹಾಕಿದ್ದೆಯಾ ಎಂದು ಮೆಲ್ಲಗೆ ಕೇಳಿದರು. ಗೀತಾ ಒಂದೇ ಮಾತಿನಲ್ಲಿ ರೋಗ ಕಂಡುಹಿಡಿದಳು: “ರೀ, ಅದಕ್ಕೆ ಕಾಯಿಲೆ ಇಲ್ಲ. ನೀವಿದ್ದೀರಿ.”

ಆದರೂ ಉದುರಿದ ಎಲೆಯನ್ನು ನಾನು ವ್ಯರ್ಥ ಮಾಡಲಿಲ್ಲ. ಡ್ಯೂಟಿಯಿಂದ ಕಾಲು ಎಳೆದುಕೊಂಡು ಬಂದ ಗೀತಾಗೆ ಬಕೆಟ್ಟಿನಲ್ಲಿ ಬಿಸಿನೀರಿಗೆ ಲಕ್ಕಿ ಸೊಪ್ಪು ಹಾಕಿ ಪಾದ ನೆನೆಸಿಕೊಟ್ಟೆ. ಅವಳು ಕುರ್ಚಿಯಲ್ಲೇ ನಿದ್ದೆ ಹೋದಳು. ನಿಂತಲ್ಲೇ ನಿದ್ದೆ ಬರುವಷ್ಟು ದಣಿದಿದ್ದಳು ಎಂಬುದನ್ನು ಮರೆತು ನಾನು ಆಯುರ್ವೇದಕ್ಕೆ ಕೈಮುಗಿದೆ. ಆ ದಿನಗಳಲ್ಲಿ ಅಂಚೆಯವನೂ ನಮ್ಮ ಬಾಗಿಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಮೂಗು ಅರಳಿಸಿ, ನನ್ನನ್ನು ಹೊಸ ಗೌರವದಿಂದ ನೋಡಿ, ಹುಬ್ಬು ಹಾರಿಸಿ ಹೋಗುತ್ತಿದ್ದ. ಮನೆಯ ಇಂಗಿನ ಘಮಕ್ಕೆ ಮರುಳಾಗಿದ್ದಾನೆ ಎಂದುಕೊಂಡೆ.

ಅಷ್ಟರಲ್ಲಿ ಗಣೇಶನ ಹಬ್ಬ ಬಂತು. ಪ್ರತಿ ವರ್ಷ ಬಾಡಿಗೆ ಹಾಲಿನಲ್ಲಿ ಆಗುತ್ತಿದ್ದ ಸಂಘದ ಪೂಜೆ ಈ ಸಲ ಜೂಮಿನಲ್ಲಿ ಎಂದಾಯಿತು. ಮಂತ್ರ ಹೇಳಬಲ್ಲವನು ಎಂಬ ಹೆಸರು ನನಗಿತ್ತು. ಈ ಹೆಸರನ್ನು ನಾನೇ ಎಂಟು ಹತ್ತು ವರ್ಷ ಕಷ್ಟಪಟ್ಟು ಹಬ್ಬಿಸಿದ್ದೆ. ಸಂಘದ ಕಾರ್ಯದರ್ಶಿ ಶ್ರೀಧರಮೂರ್ತಿ, ನಿಮ್ಮ ಮನೆಯಲ್ಲೇ ಪೂಜೆ, ಎಲ್ಲರೂ ನೋಡುತ್ತಾರೆ, ನಮ್ಮ ಏರಿಯಾದ ಕೌನ್ಸಿಲರ್ ಕೂಡ ಸೇರುತ್ತಾರೆ ಎಂದರು. ನಾನು ಸಡಗರದಿಂದ ಇಪ್ಪತ್ತೊಂದು ಪತ್ರೆ ಹೊಂದಿಸಲು ಹೊರಟೆ. ಗಣೇಶನಿಗೆ ಹೇಳಿದ ಎಲೆಗಳಲ್ಲಿ ಒಂದೂ ಈ ದೇಶದಲ್ಲಿ ನೆಟ್ಟಗೆ ಸಿಗುವುದಿಲ್ಲ. ಮಾವಿನ ಬದಲು ಬೇಲಿಯ ಲಾರೆಲ್, ಬಿಲ್ವದ ಬದಲು ಮೂರೆಲೆಯ ಕ್ಲೋವರ್, ಎಕ್ಕದ ಬದಲು ಪಾರ್ಕಿನಲ್ಲಿ ಬಿದ್ದಿದ್ದ ಯಾವುದೋ ದಪ್ಪ ಎಲೆ. ಸಿಗದಿದ್ದರೆ ಅಕ್ಷತೆ ಹಾಕಿ ಎಂದು ಶಾಸ್ತ್ರವೇ ವಿನಾಯಿತಿ ಕೊಟ್ಟಿದೆ. ಆದರೆ ಸಿಂಧುವಾರ ಪತ್ರೆಯ ಹೆಸರು ಬಂದಾಗ ನನ್ನ ಎದೆ ಉಬ್ಬಿತು. ಸಿಂಧುವಾರ ಎಂದರೆ ಲಕ್ಕಿ. ಅದು ನನ್ನ ಬಾಕ್ಸ್ ರೂಮಿನಲ್ಲೇ ಇತ್ತು. ಎರಡು ವಾರ ಈ ಓಡಾಟದಲ್ಲಿ ಗಿಡಗಳ ಕಡೆ ತಲೆ ಹಾಕಿರಲಿಲ್ಲ. ಹಬ್ಬದ ಬೆಳಿಗ್ಗೆ ಹೋಗಿ ನೋಡಿದರೆ, ಮಣ್ಣು ಒಣಗಿ, ನೊಣ ಮಾಯವಾಗಿ, ಮೂರೂ ಗಿಡ ಹೊಸ ಚಿಗುರು ಹೊತ್ತು ಹಸಿರಾಗಿ ನಿಂತಿದ್ದವು. ಗಣೇಶನ ಕೃಪೆ ಎಂದು ಒಂದು ಕೊಂಬೆ ಚಿವುಟಿದೆ.

ಗೀತಾ ಡ್ಯೂಟಿಯಲ್ಲಿದ್ದಳು. ಲ್ಯಾಪ್‌ಟಾಪಿನ ಕ್ಯಾಮೆರಾ ಅನಘಾಳ ಜವಾಬ್ದಾರಿ. ಪರದೆಯ ತುಂಬ ಚೌಕಗಳು. ರೇಷ್ಮೆ ಸೀರೆ, ಮೇಲೆ ಜುಬ್ಬ ಕೆಳಗೆ ಪೈಜಾಮ, ಒಂದು ಮೂಲೆಯಲ್ಲಿ ಟೈ ಕಟ್ಟಿದ ಕೌನ್ಸಿಲರ್. ಉಳಿದ ಎಲೆಗಳನ್ನೆಲ್ಲ ಗಡಿಬಿಡಿಯಲ್ಲಿ ದಾಟಿಸಿ, ಸಿಂಧುವಾರ ಪತ್ರಂ ಸಮರ್ಪಯಾಮಿ ಎನ್ನುವಲ್ಲಿ ನಾನು ನಿಂತೆ. ಕೊಂಬೆಯನ್ನು ಕ್ಯಾಮೆರಾದ ಹತ್ತಿರ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಕೌನ್ಸಿಲರಿಗೂ ತಿಳಿಯಲೆಂದು ಎರಡೂ ಭಾಷೆಯಲ್ಲಿ ಭಾಷಣ ಮಾಡಿದೆ: ಉಳಿದವು ಬದಲಿ ಎಲೆಗಳಾದರೂ ಇದು ಮಾತ್ರ ಅಸಲಿ, ನಾನೇ ಮನೆಯೊಳಗೆ ದೀಪದಡಿಯಲ್ಲಿ ಬೆಳೆಸಿದ್ದು, ಯಾರಿಗೆ ಬೇಕೋ ಹೇಳಿ, ಕಡ್ಡಿ ಕೊಡುತ್ತೇನೆ. ಹಿರಿಯರೆಲ್ಲ ಕೈಮುಗಿದರು. ಒಬ್ಬರು ತಮ್ಮ ಅತ್ತೆಯ ಮಂಡಿಗೆ ಎರಡು ಕಡ್ಡಿ ಬೇಕೆಂದರು. ಮಕ್ಕಳ ಚೌಕಗಳು ಮಾತ್ರ ಒಂದೊಂದಾಗಿ ಕಪ್ಪಾಗತೊಡಗಿದವು. ಈ ಕಾಲದ ಮಕ್ಕಳಿಗೆ ಭಕ್ತಿ ಇಲ್ಲ ಎಂದು ಬೇಸರವಾಯಿತು. ನನ್ನ ಕ್ಯಾಮೆರಾ ಯಾಕೋ ಅಲುಗಾಡುತ್ತಿತ್ತು.

ಮಂಗಳಾರತಿ ಮುಗಿದು ಎಲ್ಲರೂ ಹೋದ ಮೇಲೆ ಅನಘಾ ಲ್ಯಾಪ್‌ಟಾಪು ಮುಚ್ಚಿ, ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಂಡು ಹೇಳಿದಳು: “ಅಪ್ಪಾ, ಯು ಜಸ್ಟ್ ಆಫರ್ಡ್ ಕ್ಯಾನಬಿಸ್ ಟು ಗಣೇಶ.”

ಗಾಂಜಾ. ನಾನು ಅದನ್ನು ಪತ್ರಿಕೆಯಲ್ಲಿ, ಪೊಲೀಸರ ಮೇಜಿನ ಮೇಲೆ ಒಣಗಿದ ಪೊಟ್ಟಣವಾಗಿ ಮಾತ್ರ ನೋಡಿದವನು. ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಗಿಡ ತಂದ ದಿನವೇ ಗೊತ್ತಾಗಿತ್ತಂತೆ. ನನಗೂ ಗೊತ್ತಿದೆ ಎಂದೇ ತಿಳಿದಿದ್ದಳಂತೆ. ಮಧ್ಯವಯಸ್ಸಿನ ಗಂಡಸು, ಲಾಕ್‌ಡೌನು, ಏನೋ ಕಷ್ಟ ಎಂದು ಮರ್ಯಾದೆಗೆ ಸುಮ್ಮನಿದ್ದಳಂತೆ. ಗೆಳತಿಯರ ನಡುವೆ ಆ ಬೇಸಿಗೆಯಲ್ಲಿ ನನಗೆ ಬಹಳ ಒಳ್ಳೆಯ ಹೆಸರು ಬಂದಿತ್ತಂತೆ. ಅದನ್ನು ದೇವರಿಗೆ ಇಡುತ್ತೇನೆಂದು ಮಾತ್ರ ಅವಳು ಎಣಿಸಿರಲಿಲ್ಲ. ಸಂಜೆ ಬಂದ ಗೀತಾಗೆ ಎಲ್ಲ ಹೇಳಿದೆ. ಅವಳು ಪೌರತ್ವದ ಮಾತೆತ್ತಲಿಲ್ಲ, ಕೆಲಸದ ಮಾತೆತ್ತಲಿಲ್ಲ. ತನ್ನ ಪಾದಗಳನ್ನೇ ನೋಡಿ, “ನನ್ನ ಕಾಲನ್ನ ಅದರಲ್ಲಿ ನೆನೆಸಿದ್ರಾ?” ಎಂದಳು.

ಮೂವರ ಪೌರತ್ವ ಈಗ ಒಂದು ವಿಡಿಯೊದಲ್ಲಿ ಕೂತಿತ್ತು. ಪೂಜೆಯನ್ನೆಲ್ಲ ರೆಕಾರ್ಡ್ ಮಾಡಿದ್ದ ಶ್ರೀಧರಮೂರ್ತಿ ಅದನ್ನು ಸಂಘದ ಪುಟಕ್ಕೆ ಹಾಕುವವರಿದ್ದರು. ಕೌನ್ಸಿಲರಿಗೂ ಒಂದು ಪ್ರತಿ. ಮನೆಯೊಳಗೆ ದೀಪ ಹಾಕಿ ನಾನೇ ಬೆಳೆಸಿದೆ, ಬೇಕಾದವರಿಗೆ ಕೊಡುತ್ತೇನೆ ಎಂದು ನಾನು ಎರಡು ಭಾಷೆಯಲ್ಲಿ ತಪ್ಪೊಪ್ಪಿಕೊಂಡದ್ದನ್ನು ಯಾವ ಪೊಲೀಸನೂ ಹೆಚ್ಚಿಗೆ ತನಿಖೆ ಮಾಡಬೇಕಿರಲಿಲ್ಲ. ಕೂಡಲೇ ಅವರಿಗೆ ಫೋನು ಮಾಡಿದೆ. ನಿಜ ಹೇಳಿದರೆ ಮರುಗಳಿಗೆಗೆ ದೇಶದ ಆ ತುದಿಯ ಗಾಲ್ವೇವರೆಗೆ ಸುದ್ದಿ. ಹಾಗಾಗಿ, ಮಂತ್ರ ತಪ್ಪಿಬಿಟ್ಟೆ, ಪತ್ರೆಯ ಕ್ರಮವೂ ಹಿಂದುಮುಂದಾಯಿತು, ಅಪಚಾರವಾಗಿದೆ, ದಯವಿಟ್ಟು ಪೂರ್ತಿ ಅಳಿಸಿಬಿಡಿ ಎಂದು ಬೇಡಿಕೊಂಡೆ. ಎರಡು ಗಂಟೆ ವಾದ ಮಾಡಬೇಕಾದೀತೆಂದು ಸಿದ್ಧನಾಗಿದ್ದೆ. ಅವರು ಕೂಡಲೇ ಒಪ್ಪಿದರು. “ನಮಗೂ ಹಾಗೇ ಅನ್ನಿಸ್ತಿತ್ತು ವಾಸು ಅವ್ರೇ. ಪ್ರತಿ ವರ್ಷಾನೂ ಅನ್ನಿಸ್ತಿತ್ತು. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ವಿ.” ಅಲ್ಲೇ ನಿಂತ ಕಾಲಲ್ಲಿ ವಿಡಿಯೊ ಅಳಿಸಿದರು. ಮುಂದಿನ ಸಲದ ಪೂಜೆಗೆ ಸ್ಯಾಂಟ್ರಿಯ ಒಬ್ಬರ ಹೆಸರನ್ನೂ ಆ ಫೋನಿನಲ್ಲೇ ಗೊತ್ತುಮಾಡಿದರು.

ಇನ್ನು ಉಳಿದದ್ದು ಗಿಡಗಳು. ನೋಯೆಲ್ ಅಕ್ಕನನ್ನು ಬಿಟ್ಟು ಬರುವಂತಿರಲಿಲ್ಲ, ನಾನು ಇಟ್ಟುಕೊಳ್ಳುವಂತಿರಲಿಲ್ಲ. ಅಷ್ಟು ಚೆನ್ನಾಗಿ ಚಿಗುರಿದ್ದವನ್ನು ಈಳಿಗೆಮಣೆಯಲ್ಲಿ ಸಣ್ಣಗೆ ಹೆಚ್ಚಿ, ಹೂಕೋಸಿನ ದಂಟು, ಚಹಾ ಚರಟಗಳ ಕೆಳಗೆ ಮುಚ್ಚಿ ಕಸದ ಬುಟ್ಟಿಗೆ ಹಾಕಿದೆ. ಒಬ್ಬ ಮುದುಕರ ಮಂಡಿಯ ಔಷಧಿ ಎಂಬುದು ನೆನಪಾಗಿ ಕೈ ತಡೆಯಿತು, ನಿಜ. ಆದರೆ ಗೀತಾ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ನೋಯೆಲ್‌ಗೆ ಏನು ಹೇಳುವುದೆಂದು ಯೋಚಿಸಿ ಯೋಚಿಸಿ, ಬೇರು ಕೊಳೆತು ಮೂರೂ ಸತ್ತವು ಎಂಬ ಕತೆಯನ್ನು ರೋಗಲಕ್ಷಣ ಸಮೇತ ಸಿದ್ಧಮಾಡಿಕೊಂಡೆ. ಫೋನಿನಲ್ಲಿ ‘ನಿಮ್ಮ ಗಿಡಗಳು’ ಎನ್ನುವಷ್ಟರಲ್ಲಿ ಅವರೇ ತಡೆದರು. “ಬಿಡು ವಾಸು. ಆ ಫೋಟೊ ನೋಡಿದ ದಿನವೇ ನಾನು ಅವುಗಳ ಆಸೆ ಬಿಟ್ಟಿದ್ದೆ. ನೀನು ಕೈಲಾದಷ್ಟು ಮಾಡಿದೆ.” ಅಲ್ಲಿಯೇ ಡೊನೆಗಾಲಿನಲ್ಲಿ ಮಂಡಿಗೆ ಏನೋ ಮುಲಾಮು ಸಿಕ್ಕಿದೆ, ಗ್ರಾಂಡ್ ಎಂದು ನನಗೇ ಸಮಾಧಾನ ಹೇಳಿದರು. ಕಡ್ಡಿ ಕೇಳಿದ್ದವರಿಗೂ ಗಿಡ ಸತ್ತಿತೆಂದೆ. ಯಾರೂ ಹೇಗೆ ಎಂದು ಕೇಳಲಿಲ್ಲ. ಅತ್ತೆಯವರಂತೂ, ಲಕ್ಕಿಯನ್ನೂ ಸಾಯಿಸಿದಿರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇರೆ ಮಾತಿಗೆ ಹೋದರು.

ಪೌರತ್ವ ಬಂತು. ಮೂವರ ನಡತೆಯೂ ಚೆನ್ನಾಗಿದೆ ಎಂದು ಸರ್ಕಾರಕ್ಕೆ ಮನವರಿಕೆಯಾಯಿತು. ಅದರ ಬಗ್ಗೆ ನನಗೆ ಈಗ ಚಿಂತೆಯಿಲ್ಲ. ನನ್ನನ್ನು ಕಾಡುವುದೇ ಬೇರೆ. ಆ ಹಬ್ಬದ ಬೆಳಿಗ್ಗೆ ನನ್ನ ಗಿಡಗಳು ನಿಜವಾಗಿಯೂ ಹಸಿರಾಗಿದ್ದವು. ಒಂದು ಚುಕ್ಕೆಯಿಲ್ಲ, ಒಂದು ಹುಳವಿಲ್ಲ. ಅಂದು ನನ್ನ ಮಂತ್ರವೂ ಒಂದಕ್ಷರ ತಪ್ಪಿರಲಿಲ್ಲ. ಇವೆರಡನ್ನೂ ಯಾರಿಗೆ ಹೇಳಿದರೂ ಭುಜ ತಟ್ಟಿ ಕಾಫಿ ಕೊಡುತ್ತಾರೆ. ತೋರಿಸೋಣವೆಂದರೆ, ಸಾಕ್ಷಿಗೆಂದು ಇದ್ದ ಒಂದೇ ಒಂದು ವಿಡಿಯೊವನ್ನು ನಾನೇ ಕೈಕಾಲು ಹಿಡಿದು ಅಳಿಸಿಸಿದ್ದೇನೆ.