ಒರಳಿಲ್ಲದ ಧನಪಾಲರು

ಬಹಳ ಹಿಂದೆ, ಅಂದರೆ ಖಜಾನೆಗಳಿಗೆ ಬಡವರ ನೆನಪು ಮಾರ್ಚ್ ತಿಂಗಳಲ್ಲಿ ಮಾತ್ರ ಬರುತ್ತಿದ್ದ ಕಾಲದಲ್ಲಿ, ಸರ್ವೋದ್ಧಾರಪುರವೆಂಬ ರಾಜ್ಯವಿತ್ತು. ಅಲ್ಲಿ ತುಂಗವ್ವ ಮರದ ಒರಳಿಗೆ ಹಿಟ್ಟು ತುಂಬಿ, ಹಿಡಿ ಅದುಮಿ, ಮದುವೆ ಮನೆಯೊಂದಕ್ಕೆ ಶಾವಿಗೆ ಒತ್ತುತ್ತಿದ್ದಳು. ಕೈ ಈ ಒರಳಿನ ಮೇಲಿದ್ದರೂ ಮನಸ್ಸು ಇನ್ನೊಂದರ ಮೇಲಿತ್ತು. ಎರಡಿದ್ದರೆ, ಗಂಡನ ಮನೆ ಬಿಟ್ಟುಬಂದ ತಂಗಿಗೂ ಒಂದು ಕೆಲಸವಾಗುತ್ತಿತ್ತು; ಅವಳು ಉಣ್ಣುವಾಗ ತಲೆ ತಗ್ಗಿಸುವುದು ತಪ್ಪುತ್ತಿತ್ತು.

ಆಗಷ್ಟೇ ಮಹಾರಾಜ ಉದಾರವರ್ಮರು ಅಪ್ಪಣೆ ಹೊರಡಿಸಿದ್ದರು: ಖಜಾನೆ ಕೊಡುವ ಸಾಲದಲ್ಲಿ ನೂರಕ್ಕೆ ನಲವತ್ತು ಪಾಲು ಆದ್ಯತಾ ವಲಯಕ್ಕೆ, ಅಂದರೆ ಯಾರೂ ಸಾಲ ಕೊಡದ ದುರ್ಬಲರಿಗೆ ಹೋಗತಕ್ಕದ್ದು. ತುಂಗವ್ವ ಸೆರಗು ಸರಿಪಡಿಸಿಕೊಂಡು ಕೋಶಾಧ್ಯಕ್ಷರ ಮುಂದೆ ನಿಂತಳು.

"ಶಾವಗಿ ಒಳ್ಳಿಗೆ ಸಾಲ ಬೇಕಾಗಿತ್ರೀ."

"ಸದ್ಯ ನಿನ್ನ ಬಳಿ ಒರಳು ಇದೆಯೋ?"

"ಒಂದ ಐತ್ರಿ."

"ಛೆ, ಹಾಗಾದರೆ ನೀನು ದುರ್ಬಲಳಲ್ಲ. ಒರಳೇ ಇಲ್ಲದವರು ಎಷ್ಟು ಜನ ಇದ್ದಾರೆ ಗೊತ್ತೇನಮ್ಮಾ?"

ಅಂಥವರನ್ನು ಹುಡುಕಿದಾಗ ಸಿಕ್ಕವರು ಧನಪಾಲರು. ಏಳು ಮಹಲುಗಳಿದ್ದವು, ಶಾವಿಗೆ ಒರಳು ಒಂದೂ ಇರಲಿಲ್ಲ. ಕೋಶಾಧ್ಯಕ್ಷರ ಕಣ್ಣು ತುಂಬಿಬಂತು. ಸಾವಿರ ಒರಳಿನ ಸಾಲ ಒಬ್ಬರಿಗೇ ಮಂಜೂರಾಯಿತು. ಟಾರ್ಗೆಟ್ ಒಂದೇ ಸಹಿಯಲ್ಲಿ ಮುಗಿಯಿತು. ಧನಪಾಲರು ಎಂಟನೆಯ ಮಹಲು ಕಟ್ಟಿಸಿದರು.

ಅಷ್ಟರಲ್ಲಿ ಮಹಾರಾಜರಿಗೆ ಇನ್‌ಸ್ಪೆಕ್ಷನ್ ಮಾಡುವ ಮನಸ್ಸಾಯಿತು. ಧನಪಾಲರು ಸ್ವತಃ ತುಂಗವ್ವನ ಹೊಸ್ತಿಲಿಗೆ ಬಂದರು.

"ತಂಗೀ, ಒಂದ್ ದಿನದ ಮಟ್ಟಿಗೆ ನಿನ್ನ ಒಳ್ಳು ಕೊಡವ್ವಾ."

"ಲಗ್ನದ ಮನಿ ಶಾವಗಿ ಐತ್ರಿ ಸಾವಕಾರ್ರ. ನಿಮಗ ಯಾಕ್ ಬೇಕ್ರಿ ಒಳ್ಳು? ಶಾವಗಿ ತಿನ್ನಂಗಾಗಿದ್ರ ಹೇಳ್ರಿ, ನಾನ ಒತ್ತಿ ಕೊಡ್ತೀನಿ."

"ತಿನ್ನಾಕಲ್ಲ, ತೋರ್ಸಾಕ. ರಾಜಕಾರ್ಯ!"

ಇಲ್ಲ ಎನ್ನುವುದು ಅವಳಿಗೆ ಎಂದೂ ರೂಢಿಯಿರಲಿಲ್ಲ. ಕೊಟ್ಟಳು.

ಆಸ್ಥಾನದಲ್ಲಿ ಒರಳನ್ನು ರೇಷ್ಮೆಯ ಮೇಲಿಟ್ಟರು. "ಸಾವಿರ ಎಂದಿರಲ್ಲ?" ಎಂದರು ಮಹಾರಾಜರು.

"ಇದು ಸ್ಯಾಂಪಲ್, ಪ್ರಭು," ಎಂದರು ಧನಪಾಲರು. "ಮಿಕ್ಕವು ತಮ್ಮ ಕೀರ್ತಿಯಂತೆ ನಾಡಿನ ತುಂಬ ಹರಡಿವೆ."

ಮಹಾರಾಜರು ಮೆಚ್ಚಿ ಒರಳಿಗೆ ಕಾದ ರಾಜಮುದ್ರೆ ಒತ್ತಿಸಿದರು. ಧನಪಾಲರಿಗೆ 'ದುರ್ಬಲ ಶಿರೋಮಣಿ' ಬಿರುದು, ಚಿನ್ನದ ಕಿರೀಟ. ಕಿರೀಟದ ಖರ್ಚಿಗೆ ಮನೆಮನೆಗೂ ಶಾವಿಗೆ ಸೆಸ್.

ತುಂಗವ್ವ ಸೆಸ್ ಕಟ್ಟಿ, ಒರಳು ಕೇಳಿದಳು.

"ಅದರ ಮೇಲೆ ಸಾಲವಿದೆಯಮ್ಮಾ" ಎಂದರು ಕೋಶಾಧ್ಯಕ್ಷರು.

"ಯಾರ್ ಸಾಲರೀ?"

"ಧನಪಾಲರದು. ನೀನು ತೀರಿಸಿದರೆ ಇವತ್ತೇ ಕೊಂಡುಹೋಗಬಹುದು. ಹೇಗೂ ಬಂದಿದ್ದೀಯ, ಅದನ್ನೊಂದಿಷ್ಟು ತೊಳೆದಿಡು. ನಾಳೆ ಅವರ ಕಿರೀಟ ಧಾರಣೆ; ಮಹಾರಾಜರೇ ಮೊದಲ ಶಾವಿಗೆ ಒತ್ತುತ್ತಾರೆ."

ಅರಮನೆಯ ಹಿತ್ತಿಲಲ್ಲಿ ಕುಳಿತು ಅವಳು ಒರಳು ತೊಳೆದಳು. ಮುದ್ರೆಯ ಸುಟ್ಟ ಗಾಯದ ಮೇಲೆ ಬೆರಳಾಡಿಸಿದಳು. ಸಿಟ್ಟು ಬರುತ್ತದೆಂದು ಕಾದಳು, ಬರಲಿಲ್ಲ. ಬದಲಿಗೆ, ಇಷ್ಟು ವರ್ಷ ಕಂಡವರ ಕೆಲಸವನ್ನೆಲ್ಲ ಕೇಳುವ ಮೊದಲೇ ಸರಿಮಾಡಿಟ್ಟ ತನ್ನ ಕೈಗಳನ್ನು ಬೇರೆ ಯಾರವೋ ಎಂಬಂತೆ ನೋಡಿದಳು. ತಳದಲ್ಲಿದ್ದ ಹಿತ್ತಾಳೆಯ ತೂತಿನ ಬಿಲ್ಲೆ ಬಿಚ್ಚಿ ಉಜ್ಜಿದಳು. ಮರವನ್ನು ಯಾವ ಬಡಿಗನೂ ಕೆತ್ತಿಕೊಟ್ಟಾನು. ಶಾವಿಗೆಯ ಎಳೆ ಇಳಿಯುವುದು ಈ ಬಿಲ್ಲೆಯಿಂದ. ಇದಿಲ್ಲದೆ ನಾಳೆ ಮಹಾರಾಜರು ಅದುಮಿದರೆ ಹಿಟ್ಟಿನ ಮುದ್ದೆ ದೊಪ್ಪನೆ ಬೀಳುತ್ತದೆ. ಬಿದ್ದರೆ ಆಸ್ಥಾನ ಅದನ್ನೂ ಶಾವಿಗೆ ಎಂದು ಹೊಗಳುತ್ತದೆ.

ಹೊರಗೆ ಚಪ್ಪಾಳೆಯ ರಿಹರ್ಸಲ್ ನಡೆದಿತ್ತು.

"ಆಯ್ತೇನಮ್ಮಾ?" ಕೋಶಾಧ್ಯಕ್ಷರು ಕೂಗಿದರು.

"ಆಯ್ತ್ರೀ," ಎಂದಳು ತುಂಗವ್ವ, ಬಿಲ್ಲೆಯನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಹೊದೆಯುತ್ತ.