ಅರ್ಧ ರೊಟ್ಟಿ ಸಿಗೋವರೆಗೂ ಏಳೋ ಹಾಗಿಲ್ಲ

ನಾನು ಸಿಟ್ಟು ಮಾಡಿಕೊಳ್ಳದ ದಿನವೇ ಇಲ್ಲ ಎಂದು ನನ್ನ ಗಂಡ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಾನೆ. ಸಿಟ್ಟು ಬರುವಂಥ ಕೆಲಸ ಮಾಡುವವರು ಯಾರು ಎಂದು ಮಾತ್ರ ಹೇಳುವುದಿಲ್ಲ. ಈಚೆಗಂತೂ ಎಲ್ಲದಕ್ಕೂ ಕಾರಣ ಒಂದು ಮಕ್ಕಳ ಪುಸ್ತಕ.

ಪುಸ್ತಕ ಬಂತು

ಅದನ್ನು ತಂದವನೂ ಅವನೇ. ರಾಫೆಲ್ಸ್ ಪ್ಲೇಸ್‌ನ ಅವನ ಆಫೀಸಿನಲ್ಲಿ ಒಬ್ಬ ಯಹೂದಿ ಸಹೋದ್ಯೋಗಿ ಇದ್ದಾರೆ. ತಮ್ಮ ಮಗ ಓದಿ ಬಿಟ್ಟ ಚಿತ್ರಪುಸ್ತಕವನ್ನು ನಮ್ಮ ಏಳು ವರ್ಷದ ಮಗಳಿಗೆ ಕೊಟ್ಟರು. ಅವರ ಪಾಸೋವರ್ ಹಬ್ಬದ ಕಥೆ. ಹಬ್ಬದೂಟದಲ್ಲಿ ತೆಳ್ಳಗಿನ ಒಣ ರೊಟ್ಟಿ ಮುರಿದು ಅರ್ಧ ಬಚ್ಚಿಡುತ್ತಾರೆ. ಅದು ಸಿಗುವವರೆಗೂ ಊಟ ಮುಗಿಯುವುದಿಲ್ಲ. ಕಥೆಯ ತುಂಟ ಹುಡುಗಿ ಅದನ್ನು ಬಚ್ಚಿಟ್ಟು ತಾತನನ್ನು ಮನೆಯೆಲ್ಲ ಕುಣಿಸುತ್ತಾಳೆ.

"ಅಮ್ಮಾ, ಇದು ಅಜ್ಜಿ ರೊಟ್ಟಿ ಲಾ," ಎಂದಳು ಮಗಳು, ಇಲ್ಲಿಯ ಮಕ್ಕಳಂತೆ ಮಾತಿನ ಕೊನೆಗೆ 'ಲಾ' ಸೇರಿಸಿ.

ಅತ್ತೆ ಬಾಗಲಕೋಟೆಯಿಂದ ಡಬ್ಬಿ ತುಂಬ ಖಡಕ್ ಜೋಳದ ರೊಟ್ಟಿ ಹೊತ್ತುಕೊಂಡು ವಿಮಾನದಲ್ಲಿ ಪುಂಗೋಲ್‌ನ ನಮ್ಮ ಮನೆಗೆ ಕೆಲವು ದಿನಕ್ಕೆಂದು ಬಂದಿದ್ದರು. ಅವರು ವಾಪಸು ಹೋಗುವ ಮಾತೆತ್ತಿದರೆ ಮಗಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅತ್ತೆ ಕನ್ನಡಕ ಹಾಕಿಕೊಂಡು ಚಿತ್ರ ನೋಡಿದರು.

"ಖರೇನ ಐತಿ. ಆದ್ರ ಸ್ವಲ್ಪ ಹೊತ್ತಿಸ್ಯಾರ."

ಸ್ಟೇಷನ್ನಿನಲ್ಲಿ

ಮಾರನೆಯ ದಿನದಿಂದ ಮಗಳ ಬಚ್ಚಿಡುವ ಆಟ ಶುರುವಾಯಿತು. ಅಕ್ಕಿ ಡಬ್ಬಿಯಲ್ಲಿ ರೊಟ್ಟಿ, ಶೂ ಒಳಗೆ ರೊಟ್ಟಿ, ವಾಷಿಂಗ್ ಮೆಷಿನ್ನಿನಲ್ಲಿ ರೊಟ್ಟಿ. ಇರುವೆಗಳಿಗೆ ಹಬ್ಬ, ನನಗೆ ಗುಡಿಸುವ ಕೆಲಸ. ಗಂಡನಿಗೆ ನಗು.

ಒಂದು ಬೆಳಗ್ಗೆ ಎಂಆರ್‌ಟಿ ರೈಲು ಸ್ಟೇಷನ್ನಿನೊಳಗೆ ಕರ್ಚೀಫಿಗೆಂದು ಬ್ಯಾಗಿನಲ್ಲಿ ಕೈ ಹಾಕಿದರೆ ರೊಟ್ಟಿ ಪುಡಿಪುಡಿಯಾಗಿ ಕುರ್ತಾ ಮೇಲೆಲ್ಲ ಉದುರಿತು. ಅಲ್ಲಿ ಏನೂ ತಿನ್ನುವಂತಿಲ್ಲ ಎಂಬುದು ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಡ್ಯೂಟಿಯಲ್ಲಿದ್ದ ಆಂಟಿ, "ಈಟಿಂಗ್ ಆ?" ಎಂದರು. ತಿಂದಿಲ್ಲ, ಮಗಳು ಬಚ್ಚಿಟ್ಟಿದ್ದು ಎಂದೆ. ಅವರು ನಂಬಲಿಲ್ಲ. ಜನರೆಲ್ಲ ತಿರುಗಿ ನೋಡಿದರು. ಮಾನ ಹೋಯಿತು.

ಸಂಜೆ ಮನೆಗೆ ಬಂದು ಕೂಗಾಡಿದೆ. ಎಲ್ಲ ಕೇಳಿಸಿಕೊಂಡ ಅತ್ತೆ ವಿಚಾರಿಸಿದ್ದು ಒಂದೇ ಮಾತು.

"ರೊಟ್ಟಿ ಪೂರಾ ಪುಡಿ ಆತೇನು?"

ಟ್ಯಾಕ್ಸಿ ಬಂದಾಗ

ಅತ್ತೆ ಹೊರಡುವ ದಿನ. ಮಧ್ಯಾಹ್ನದ ಊಟ ಮುಗಿಯುತ್ತ ಬಂದಿತ್ತು, ಟ್ಯಾಕ್ಸಿ ನಮ್ಮ ಫ್ಲ್ಯಾಟಿನ ಬ್ಲಾಕ್ ಕೆಳಗೆ ನಿಂತಿತ್ತು.

"ಲಾಸ್ಟ್ ರೊಟ್ಟಿ ಹಾಫ್ ಹೈಡ್ ಮಾಡಿದೀನಿ," ಎಂದಳು ಮಗಳು. "ಅದು ಸಿಗೋವರೆಗೂ ಅಜ್ಜಿ ಏಳೋ ಹಾಗಿಲ್ಲ."

ಗಂಡ ಸೋಫಾ ಕೆಳಗೆ ತೂರಿದ. ನಾನು ದಿಂಬುಗಳನ್ನೆಲ್ಲ ಎಸೆದೆ. ಫ್ಲೈಟ್ ತಪ್ಪಿದರೆ ಯಾರು ಹೊಣೆ ಎಂದು ಕಿರುಚಿದೆ. ಅತ್ತೆ ಮಾತ್ರ ತಟ್ಟೆ ಮುಂದೆ ಅಲ್ಲಾಡದೆ ಕೂತಿದ್ದರು.

"ಅತ್ತೆ, ನೀವಾದ್ರೂ ಏಳಿ."

"ಹೆಂಗ ಏಳ್ಲೆವಾ? ರೊಟ್ಟಿ ಸಿಕ್ಕಿಲ್ಲಲ್ಲ."

ನನ್ನ ಮುಖ ನೋಡಿ ಹೆದರಿದ ಮಗಳು ತಾನೇ ಟಿವಿ ಹಿಂದೆ ಕೈ ಹಾಕಿದಳು. ಅಲ್ಲಿ ಏನೂ ಇರಲಿಲ್ಲ.

"ಅದನ್ನ ನಾ ಆಗಳೇ ತಿಂದೆ," ಎಂದರು ಅತ್ತೆ ತಣ್ಣಗೆ. "ಇನ್ನೆಲ್ಲಿ ಸಿಗತೈತಿ?"

ಮಗಳು ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಅಜ್ಜಿ ಹೋಗಕ್ಕೇ ಆಗಲ್ಲ ಲಾ."

ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಲು ಮನಸ್ಸಿಲ್ಲ ಎಂದು ಬಾಯಿಬಿಟ್ಟು ಹೇಳಬಾರದೇ? ಬೆಳಗಿನಿಂದ ಆ ಸೂಟ್‌ಕೇಸ್ ಕಂಡಾಗಲೆಲ್ಲ ನನಗೂ ಸಂಕಟವಾಗುತ್ತಿತ್ತು, ಯಾರಾದರೂ ಕೇಳಿದರೇ?

ಗಂಡ ಫೋನ್ ತೆಗೆದು ಮೆಲ್ಲಗೆ, "ಟಿಕೆಟ್ ಎರಡು ದಿನ ಮುಂದಕ್ಕೆ ಹಾಕ್ಲಾ?" ಎಂದ.

"ಎರಡು ದಿನಕ್ಕೆ ಯಾರಾದ್ರೂ ಇಷ್ಟು ಗಲಾಟೆ ಮಾಡ್ತಾರಾ? ವಾರ ಹಾಕು," ಎಂದು ಅವನ ಮೇಲೆ ಹರಿಹಾಯ್ದೆ.